ಜೌಗು ಕದಿಯುವ ಕಾವು

ಜೌಗು ನೆಲ ಎಂದೊಡನೆ ಕಣ್ಣಿಗೆ ಕಟ್ಟುವುದು ಮೊಸಳೆ, ಹಾವು. ಆದರೆ ಅಲ್ಲಿ ಪಳಗುವ ಯೋಧರ ಪ್ರಾಣಕ್ಕೆ ಕುತ್ತು ತರುವುದು ಹೆಚ್ಚಾಗಿ ನೀರೇ.

ಕಷ್ಟದ ಪರಿಸ್ಥಿತಿಯಲ್ಲೂ ತುಕಡಿಯನ್ನು ಮುನ್ನಡೆಸಲು ಯೋಧರನ್ನು ಪಳಗಿಸುವ ಅಮೆರಿಕ ಸೇನೆಯ ರೇಂಜರ್ ಶಾಲೆಯ ತರಬೇತಿ ಸುಮಾರು 2 ತಿಂಗಳದ್ದು. ಅದರ ಕೊನೆಯ ಹಂತ ಫ್ಲೋರಿಡಾದ ಕ್ಯಾಂಪ್ ರಡ್ಡರ್‌ನಲ್ಲಿ ನಡೆಯುತ್ತದೆ. 1995ರ ಫೆಬ್ರವರಿಯಲ್ಲಿ ಅಲ್ಲಿನ ಯೆಲ್ಲೋ ನದಿಯ ಜೌಗು ದಾಟುವಾಗ 4 ಮಂದಿ ಅಭ್ಯರ್ಥಿಗಳು ಮೈ ತಣ್ಣಗಾಗಿ, ಅಂದರೆ ಹೈಪೋಥರ್ಮಿಯಾದಿಂದ, ತೀರಿಕೊಂಡರು. ಫ್ಲೋರಿಡಾ ಹಿಮದ ನಾಡಲ್ಲ, ಬಿಸಿಲಿಗೆ ಹೆಸರಾದ ಊರು!

ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಅಂಗಿ ತೊಟ್ಟು ಹಾಯಾಗಿ ಕೂರಬಹುದು. ಅಷ್ಟೇ ಉಷ್ಣತೆಯ ನೀರಿನಲ್ಲಿ ಎದೆಮಟ್ಟ ನಿಂತರೆ ಹಲ್ಲು ಕಟಕಟಿಸತೊಡಗುತ್ತದೆ. ಗಾಳಿಯನ್ನು ಹಿಡಿದಿಟ್ಟು ನಮ್ಮನ್ನು ಬೆಚ್ಚಗಿಡುವ ಬಟ್ಟೆ ನೆನೆದ ಮೇಲೆ ಬರೀ ಭಾರ.

ಇಲ್ಲೊಂದು ವಿಪರ್ಯಾಸವಿದೆ. ಚರ್ಮದಡಿಯ ಕೊಬ್ಬು ದೇಹದ ಕಂಬಳಿ, ನಡುಕ ಅದರ ಒಲೆ. ಅರೆಹೊಟ್ಟೆ, ಅರೆನಿದ್ದೆಯ ತರಬೇತಿ ವಾರಗಟ್ಟಲೆ ಈ ಕಂಬಳಿಯನ್ನು ತೆಳುವಾಗಿಸಿ, ಒಲೆಯ ಸೌದೆಯನ್ನೂ ಮುಗಿಸಿ, ಆಮೇಲೆ ಯೋಧನನ್ನು ನೀರಿಗಿಳಿಸುತ್ತದೆ. 1990ರ ದಶಕದ ಆರಂಭದಲ್ಲಿ ಸೇನೆಯ ಸಂಶೋಧಕರು ಅಳೆದು ನೋಡಿದಾಗ, ಅಭ್ಯರ್ಥಿಗಳು ಸರಾಸರಿ ಶೇಕಡ 15ರಷ್ಟು ತೂಕ ಕಳೆದುಕೊಂಡಿದ್ದರು.

ಮೊದಲು ಬೆರಳುಗಳು ಮಾತು ಕೇಳುವುದಿಲ್ಲ. ಸಾವಿರ ಸಲ ಹಾಕಿದ ಹಗ್ಗದ ಗಂಟು ಕೈಗೆ ಕೂಡಿಬರದು. ಒಳಮೈ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿಯುತ್ತಿದ್ದಂತೆ ನಾಲಿಗೆ ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಇನ್ನೂ ಇಳಿದರೆ ನಡುಕವೇ ನಿಲ್ಲುತ್ತದೆ. ನೋಡುವವರಿಗೆ ಸುಧಾರಿಸಿಕೊಂಡ ಎನಿಸಬಹುದು, ಆದರೆ ಅಪಾಯ ಹೆಚ್ಚುವುದು ಆಗಲೇ. ‘ನನಗೇನೂ ಆಗಿಲ್ಲ’ ಎಂಬ ಅವನ ಮಾತನ್ನು ನಂಬುವ ಹಾಗಿಲ್ಲ, ಅದನ್ನು ಹೇಳುತ್ತಿರುವುದು ತಣ್ಣಗಾದ ಮಿದುಳು. ಆದ್ದರಿಂದಲೇ ಎಷ್ಟು ಆಳದ, ಎಷ್ಟು ತಣ್ಣನೆಯ ನೀರಿನಲ್ಲಿ ಎಷ್ಟು ಹೊತ್ತು ಇರಬಹುದೆಂದು ಕೋಷ್ಟಕ ನೋಡಿ ತೀರ್ಮಾನಿಸುತ್ತಾರೆ. ಛಲವನ್ನು ಅಳೆಯುವ ಶಾಲೆಯಲ್ಲೂ ಈ ವಿಷಯವನ್ನು ಛಲಕ್ಕೆ ಬಿಡುವಂತಿಲ್ಲ.

ಪಾದಗಳದ್ದು ಬೇರೆಯೇ ಪಾಡು. ದಿನಗಟ್ಟಲೆ ನೆನೆದ ಅಂಗಾಲು ಬೆಳ್ಳಗೆ ಸುಕ್ಕುಗಟ್ಟುತ್ತದೆ. ತಂಪಿಗೆ ರಕ್ತನಾಳಗಳು ಬಿಗಿದುಕೊಂಡು, ನೀರು ಹೆಪ್ಪುಗಟ್ಟುವಷ್ಟು ಚಳಿಯಿಲ್ಲದಿದ್ದರೂ ನರಗಳು ಹಾಳಾಗುತ್ತವೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸಾವಿರಾರು ಸೈನಿಕರನ್ನು ಕಾಡಿದ ‘ಟ್ರೆಂಚ್ ಫುಟ್’ ಇದೇ. ಇದನ್ನು ತಡೆಯುವ ದಾರಿ ತೀರಾ ಸಾದಾ: ಪಾದ ಒರೆಸು, ಒಣ ಕಾಲುಚೀಲ ಹಾಕು. ಒದ್ದೆ ಜೋಡಿಯನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಒಣಗಿಸುವುದೂ ಉಂಟು. ಅದಕ್ಕೂ ಖರ್ಚಾಗುವುದು ಮೈಯಲ್ಲಿ ಉಳಿದಿರುವ ಅಷ್ಟಿಷ್ಟು ಕಾವೇ.