ಉದ್ಯೋಗ ಮುನ್ನಂದಾಜು: ಘೋಷಣೆಯ ಅಂಕಿಗೆ ಈ ಹೆಸರು ಬೇಡ

ಧಾರವಾಡಕ್ಕೆ ಹೊಸ ಕಾರ್ಖಾನೆ ಬರುತ್ತದೆ ಅನ್ನೋ ಸುದ್ದಿ ಬಂದಾಗಲೆಲ್ಲ ‘ಇಷ್ಟು ಸಾವಿರ ಉದ್ಯೋಗದ ಮುನ್ನಂದಾಜು’ ಅಂತ ಬರೆಯುತ್ತಾರೆ. ಮೊನ್ನೆ ಮತ್ತೆ ಓದಿದೆ, ಸಾಕಾಗಿದೆ. ಅದು ಕಂಪನಿ ಸರ್ಕಾರಕ್ಕೆ ಕೊಟ್ಟ ಮಾತು ಅಷ್ಟೇ. ಜಮೀನು, ನೀರು, ತೆರಿಗೆ ರಿಯಾಯಿತಿ ಕೇಳುವಾಗ ಯಾರಾದರೂ ಸಣ್ಣ ಅಂಕಿ ಹೇಳುತ್ತಾರಾ?

ರಸ್ತೆ, ನೀರಿನ ಕೊಳವೆ, ಬಸ್ ಕಾರಿಡಾರ್ ಇಂಥವಕ್ಕೆ 20-30 ವರ್ಷದ ಯೋಜನೆ ಹಾಕುವಾಗ, ಅಷ್ಟೊತ್ತಿಗೆ ಈ ಭಾಗದಲ್ಲಿ ಎಷ್ಟು ಕೆಲಸ ಇರುತ್ತದೆ, ಎಲ್ಲಿ ಇರುತ್ತದೆ ಅಂತ ಲೆಕ್ಕ ಹಾಕುತ್ತಾರಲ್ಲ, ಅದು ಮುನ್ನಂದಾಜು. ಅದರಲ್ಲಿ ಗಿರ್ಮಿಟ್ ಗಾಡಿಯವನೂ ಇರಬೇಕು, ಮುಚ್ಚಿಹೋಗುವ ಅಂಗಡಿಯ ಕೆಲಸವನ್ನು ಲೆಕ್ಕದಿಂದ ಕಳೆಯಲೂ ಬೇಕು. ಘೋಷಣೆಯಲ್ಲಿ ಕಳೆಯುವ ಲೆಕ್ಕ ಯಾವತ್ತಾದರೂ ನೋಡಿದ್ದೀರಾ?

ಗದಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗೆ 2010ರಲ್ಲಿ ರಾಜ್ಯದ ಜತೆ ಒಪ್ಪಂದ ಆಯಿತು. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತ ಜಮೀನು ನೋಡಿದರು. 2011ರಲ್ಲಿ ರೈತರು ಎದ್ದು ನಿಂತರು, ತೋಂಟದಾರ್ಯ ಮಠದ ಸ್ವಾಮೀಜಿಯೂ ಜತೆಗೆ ನಿಂತರು, ಭೂಸ್ವಾಧೀನ ಅಲ್ಲಿಗೇ ನಿಂತಿತು. 2013ರಲ್ಲಿ ಕಂಪನಿ ಕರ್ನಾಟಕದ ಯೋಜನೆಯನ್ನೇ ಕೈಬಿಟ್ಟಿತು. ಆ ಒಪ್ಪಂದದ ಅಂಕಿ ನಂಬಿ ಯಾರಾದರೂ ಗದಗ ಸುತ್ತ ರಸ್ತೆ ಅಗಲ, ಕೊಳವೆ ಗಾತ್ರ ನಿಗದಿ ಮಾಡಿದ್ದರೆ? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಆಗುತ್ತಿತ್ತು. ಸರಿಯಾಗಿ ಲೆಕ್ಕ ಹಾಕುವವರು ಇಂಥ ದೊಡ್ಡ ಕಾರ್ಖಾನೆಯನ್ನು ಮೂಲ ಲೆಕ್ಕಕ್ಕೆ ಸೇರಿಸೋದಿಲ್ಲ. ಬಂದರೆ ಹೀಗೆ, ಬಾರದಿದ್ದರೆ ಹಾಗೆ ಅಂತ ಪಕ್ಕದಲ್ಲಿ ಬೇರೆ ಲೆಕ್ಕ ಇಡುತ್ತಾರೆ.

ಇನ್ನೊಂದು ಗೊಂದಲ ಇದೆ, ನನಗೆ ಜಾಸ್ತಿ ಸಿಟ್ಟು ಬರೋದು ಅದಕ್ಕೇ. ‘ದುಡಿಯುವ ಜನ’ ಮತ್ತು ‘ಕೆಲಸ’ ಎರಡನ್ನೂ ಒಂದೇ ಅಂಕಿಯಾಗಿ ಬಳಸುತ್ತಾರೆ. ಜನಗಣತಿ ದುಡಿಯುವವರನ್ನು ಅವರ ಮನೆ ಇರುವ ಊರಲ್ಲಿ ಎಣಿಸುತ್ತದೆ. ಆರ್ಥಿಕ ಗಣತಿ ಕೆಲಸವನ್ನು ಅಂಗಡಿ, ಕಾರ್ಖಾನೆ ಇರುವ ಜಾಗದಲ್ಲಿ ಎಣಿಸುತ್ತದೆ. ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆ ನೋಡಿ. ಹೆಸರಲ್ಲಿ ಹರಿಹರ ಇದೆ, ಆದರೆ ಅದು ಇರೋದು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ. ತುಂಗಭದ್ರೆಯ ಆಚೆ ದಂಡೆ ದಾವಣಗೆರೆ ಜಿಲ್ಲೆ. ಹರಿಹರದಿಂದ ಹೊಳೆ ದಾಟಿ ಬಂದು ದುಡಿಯುವವರ ಕೆಲಸ ಹಾವೇರಿ ಲೆಕ್ಕಕ್ಕೆ, ಮನೆ ದಾವಣಗೆರೆ ಲೆಕ್ಕಕ್ಕೆ. ಹುಬ್ಬಳ್ಳಿಯಲ್ಲಿ ಮನೆ ಮಾಡಿಕೊಂಡು ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಹೋಗಿಬರುವವರದೂ ಇದೇ ಕಥೆ. ಮನೆಗೆ ನೀರು ಎಷ್ಟು ಬೇಕು ಅನ್ನೋದಕ್ಕೆ ಮಲಗುವ ಊರಿನ ಅಂಕಿ ಬೇಕು. ಬೆಳಗ್ಗೆ ಎಂಟೂವರೆಗೆ ಯಾವ ರಸ್ತೆ ತುಂಬುತ್ತದೆ ಅನ್ನೋದಕ್ಕೆ ದುಡಿಯುವ ಜಾಗದ ಅಂಕಿಯೂ ಬೇಕು. ಅದಲು ಬದಲಾದರೆ ಬಸ್ಸು ಒಂದು ಕಡೆ, ಜನ ಇನ್ನೊಂದು ಕಡೆ.

ಲೆಕ್ಕದ ದಾರಿ ಹಲವು ಇವೆ. ಸಾಮಾನ್ಯವಾಗಿ ಹೊರಗಿನಿಂದ ದುಡ್ಡು ತರುವ ಕೆಲಸವನ್ನು ಬೇರೆ ಹಿಡಿಯುತ್ತಾರೆ: ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪು, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಇಂಥವು. ಅವುಗಳ ಬೆನ್ನಿಗೆ ಊರೊಳಗಿನ ಅಂಗಡಿ, ಖಾನಾವಳಿ, ಶಾಲೆ ಎಷ್ಟು ಬೆಳೆಯುತ್ತವೆ ಅಂತ ನೋಡುತ್ತಾರೆ. ಕಷ್ಟ ಇರೋದು ಕಚ್ಚಾ ಅಂಕಿಯಲ್ಲಿ. ಕಾರ್ಖಾನೆಗಳ ವಾರ್ಷಿಕ ಸಮೀಕ್ಷೆಗೆ ನೋಂದಣಿ ಆದ ಕಾರ್ಖಾನೆ ಮಾತ್ರ ಸಿಗುತ್ತದೆ. ಬ್ಯಾಡಗಿಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ತೆಗೆಯುವ ಹೆಂಗಸರು ಅದರೊಳಗೆ ಎಲ್ಲಿ ಬರಬೇಕು? ಜನಗಣತಿ ನೋಡೋಣ ಅಂದರೆ ಕೈಯಲ್ಲಿರೋದು 2011ರದು. ಆಗ ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಜನಸಂಖ್ಯೆ ಸುಮಾರು 9.44 ಲಕ್ಷ. ಅಕ್ಟೋಬರ್ 2018ರಲ್ಲಿ ಹುಬ್ಬಳ್ಳಿ-ಧಾರವಾಡ ನಡುವೆ ತನ್ನದೇ ಪಥದಲ್ಲಿ ಓಡಲು ಶುರುವಾದ ಚಿಗರಿ ಬಸ್ಸು ಆಗ ಇರಲೇ ಇಲ್ಲ. ಐಐಟಿಯೂ ಇರಲಿಲ್ಲ, ಅದು ಬಂದದ್ದು 2016ರಲ್ಲಿ.

ಇಷ್ಟು ಹಳೇ ಅಂಕಿ ಇಟ್ಟುಕೊಂಡು ಮೂವತ್ತು ವರ್ಷ ಮುಂದಕ್ಕೆ ಹೋಗುವಾಗ ಶೇಕಡಾ ಒಂದು ಹೆಚ್ಚುಕಡಿಮೆ ಆದರೂ ಏನಾಗುತ್ತದೆ ನೋಡಿ. ಇವತ್ತು ಒಂದು ಲಕ್ಷ ಕೆಲಸ ಇದೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ ಶೇ 2ರಂತೆ ಬೆಳೆದರೆ 30 ವರ್ಷಕ್ಕೆ 1.81 ಲಕ್ಷ. ಶೇ 3 ಆದರೆ 2.43 ಲಕ್ಷ. ಅದಕ್ಕೇ ವರದಿಗಳಲ್ಲಿ ಕಡಿಮೆ, ನಡುವಿನದು, ಜಾಸ್ತಿ ಅಂತ ಮೂರು ಅಂಕಿ ಕೊಡೋದು. ಹೆಡ್‌ಲೈನಿಗೆ ಹೋಗೋದು ಮಾತ್ರ ಮೂರನೆಯದು, ಯಾಕೆ ಅಂತ ಬೇರೆ ಹೇಳಬೇಕಾ?

ರಸ್ತೆ ಬಂದರೆ ಕೆಲಸ ಬರುತ್ತದೆ ಅಂತ ಅಂಕಿ ಏರಿಸಿ, ಆಮೇಲೆ ಅದೇ ಅಂಕಿ ತೋರಿಸಿ ರಸ್ತೆ ಬೇಕು ಅನ್ನೋದು ಇನ್ನೊಂದು ಆಟ. ರಸ್ತೆ ಇಲ್ಲದೆಯೂ ಎಷ್ಟು ಬೆಳೆಯುತ್ತಿತ್ತು ಅನ್ನೋ ಲೆಕ್ಕ ಪಕ್ಕದಲ್ಲಿ ಇಲ್ಲದಿದ್ದರೆ ಅಂಥ ವರದಿಯನ್ನು ಸುಮ್ನೆ ಮಡಚಿಡಿ.

ಕಡಿಮೆ, ನಡುವಿನದು, ಜಾಸ್ತಿ ಈ ಮೂರು ಅಂಕಿಯಲ್ಲಿ ಯಾವುದನ್ನು ಹಿಡಿಯಬೇಕು ಅನ್ನೋದು ಏನು ಕಟ್ಟುತ್ತೀರಿ ಅನ್ನೋದರ ಮೇಲೆ ಹೋಗುತ್ತದೆ. ನೀರಿನ ಯೋಜನೆಯಲ್ಲಿ ಪಂಪಿಗೆ 15 ವರ್ಷ, ಕೊಳವೆಗೆ 30 ವರ್ಷ ಅಂತ ಹಿಡಿಯೋದು ರೂಢಿ. ಮಲಪ್ರಭೆಯಿಂದ ಅವಳಿ ನಗರಕ್ಕೆ ನೀರು ಎತ್ತುವ ಪಂಪನ್ನು ನಡುವಿನ ಅಂಕಿಗೆ ಕೂರಿಸಿ, ಹದಿನೈದು ವರ್ಷ ಬಿಟ್ಟು ಹೊಸ ಲೆಕ್ಕ ನೋಡಿ ಬದಲಾಯಿಸಬಹುದು. ನೆಲದೊಳಗೆ ಹೂತ ಕೊಳವೆಗೆ ಆ ಸವಲತ್ತು ಇಲ್ಲ, ಹಾಗಾಗಿ ಅಲ್ಲಿ ಜಾಸ್ತಿ ಅಂಕಿಯ ಕಡೆ ವಾಲಿದರೂ ನನ್ನ ತಕರಾರಿಲ್ಲ. ಅದು ಒಪ್ಪಂದದ ದಿನ ವೇದಿಕೆ ಮೇಲೆ ಓದಿದ ಅಂಕಿ ಆಗಿರಬಾರದು, ಅಷ್ಟೇ.