ಗೇಜ್ ಕೊಳ್ಳುವ ಮುಂಚೆ ಸೆನ್ಸರ್ ಎಲ್ಲಿ ಕೂರುತ್ತೆ ನೋಡಿ

ಸ್ಪೋರ್ಟ್ಸ್ ಕಾರಿಗೆ ಹೆಚ್ಚುವರಿ ಗೇಜ್ ಹಾಕಿಸಲು ಬರುವವರು ಜಾಸ್ತಿ ಮೊದಲು ತೋರಿಸುವುದು ಒಂದು ಫೋಟೊ. ಎ-ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಮೇಲೆ ಸಾಲಾಗಿ ಮೂರು ಗೇಜ್, ಕೆಂಪು ಬೆಳಕು, ಕಾರ್ಬನ್ ಫೈಬರ್ ಚೌಕಟ್ಟು. 'ಇದೇ ಥರ ಬೇಕು' ಅನ್ನುತ್ತಾರೆ. ಯಾವ ಮೂರು ಅಂತ ಕೇಳಿದರೆ ಯೋಚನೆಗೆ ಬೀಳುತ್ತಾರೆ. ಆಗ ನಾನು ಒಂದು ಮಾತು ಕೇಳುತ್ತೇನೆ: ಗಾಡಿ ಓಡಿಸುವಾಗ ಈ ಮುಳ್ಳು ಇದ್ದಕ್ಕಿದ್ದಂತೆ ಇಳಿದರೆ ಅಥವಾ ಏರಿದರೆ ನೀವು ಏನು ಮಾಡ್ತೀರಿ? ಉತ್ತರ ಇದ್ದರೆ ಆ ಗೇಜ್ ಬೇಕು. ಇಲ್ಲದಿದ್ದರೆ ಅದು ಅಲಂಕಾರ. ಅಲಂಕಾರ ಬೇಡ ಅಂತಲ್ಲ. ಆದರೆ ಬರೀ ಅಲಂಕಾರಕ್ಕೆ ಆಯಿಲ್ ಲೈನ್ ಬಿಚ್ಚುವುದು ಯಾಕೆ?

ಕಂಪನಿಯವರೇ ಗೇಜ್ ಕೊಟ್ಟಿರುವಾಗ ಇನ್ನೊಂದು ಯಾಕೆ ಅನ್ನುವ ಪ್ರಶ್ನೆಯೂ ಸರಿಯಾದದ್ದೇ. ಇಂದಿನ ಹೆಚ್ಚಿನ ಕಾರುಗಳಲ್ಲಿ ಕೂಲಂಟ್ (ಎಂಜಿನ್ ತಂಪಿಡುವ ದ್ರವ) ಬಿಸಿಯ ಮುಳ್ಳು ಒಂದು ದೊಡ್ಡ ವ್ಯಾಪ್ತಿಯುದ್ದಕ್ಕೂ ನಡುವಲ್ಲೇ ನಿಂತಿರುವಂತೆ ಮಾಡಿರುತ್ತಾರೆ. ಮುಳ್ಳು ಸ್ವಲ್ಪ ಆಚೀಚೆ ಆಡಿದರೂ ಜನ ಗಾಬರಿಯಾಗಿ ಸರ್ವಿಸ್‌ಗೆ ಓಡುತ್ತಾರೆ ಅಂತ ಈ ಏರ್ಪಾಡು. ಮುಳ್ಳು ನಡುವಿನಿಂದ ಕದಲುವ ಹೊತ್ತಿಗೆ ಎಂಜಿನ್ ಆಗಲೇ ಕಾದಿರುತ್ತದೆ. ಆಯಿಲ್ ಪ್ರೆಶರ್ ಕಥೆ ಇನ್ನೂ ಮಜವಾಗಿದೆ. ಮಾಜ್ದಾ ಮಿಯಾಟಾ ಅನ್ನುವ ಸ್ಪೋರ್ಟ್ಸ್ ಕಾರಿನ ಮೊದಲ ವರ್ಷಗಳಲ್ಲಿ ನಿಜವಾದ ಆಯಿಲ್ ಪ್ರೆಶರ್ ಗೇಜ್ ಇತ್ತು. 1995ರ ಹೊತ್ತಿಗೆ ಅದೇ ಜಾಗದಲ್ಲಿ, ಅದೇ ರೂಪದ ಗೇಜ್ ಉಳಿಯಿತು, ಆದರೆ ಹಿಂದೆ ಇದ್ದದ್ದು ಸೆನ್ಸರ್ ಅಲ್ಲ, ಬರೀ ಒಂದು ಸ್ವಿಚ್. ಒಂದಿಷ್ಟು ಪ್ರೆಶರ್ ಇದ್ದರೆ ಸಾಕು, ಮುಳ್ಳು ನಡುವಿಗೆ ಹೋಗಿ ನಿಲ್ಲುತ್ತದೆ. ನೋಡಲು ಗೇಜ್, ಮಾಡುವ ಕೆಲಸ ದೀಪದ್ದು.

ಹಾಗಾಗಿ ಯಾರಾದರೂ ಒಂದೇ ಗೇಜ್ ಹಾಕಿಸುವುದಾದರೆ ನಾನು ಹೇಳುವುದು ಆಯಿಲ್ ಪ್ರೆಶರ್. ಎರಡನೆಯದು ಆಯಿಲ್ ಬಿಸಿ. ಟರ್ಬೊ ಇದ್ದರೆ ಮೂರನೆಯದು ಬೂಸ್ಟ್, ಅಂದರೆ ಟರ್ಬೊ ತಳ್ಳುವ ಗಾಳಿಯ ಒತ್ತಡ. ಇಷ್ಟರ ಮೇಲೆ ಹಾಕಿಸಿದರೂ ಓಡಿಸುವಾಗ ನೋಡಲು ಪುರುಸೊತ್ತು ಇರುವುದಿಲ್ಲ.

ಆಯಿಲ್ ಪ್ರೆಶರ್ ಯಾಕೆ ಮೊದಲು? ಕೂಲಂಟ್ ಕಾದರೆ ನಿಮಗೆ ಕೆಲವು ನಿಮಿಷ ಸಿಗುತ್ತದೆ. ಆಯಿಲ್ ಪ್ರೆಶರ್ ಬಿದ್ದರೆ ಬೇರಿಂಗ್ ಹಾಳಾಗಲು ಕೆಲವೇ ಸೆಕೆಂಡು ಸಾಕು. ಕಂಪನಿಯ ಕೆಂಪು ದೀಪ ಸಾಮಾನ್ಯವಾಗಿ ಪ್ರೆಶರ್ ಅರ್ಧ ಬಾರ್ ಆಸುಪಾಸಿಗೆ ಇಳಿದಾಗ ಹತ್ತುತ್ತದೆ. ಐಡಲ್‌ನಲ್ಲಿ ಅದು ಸರಿ. ಆದರೆ 6000 ಆರ್‌ಪಿಎಂನಲ್ಲಿ ಎಂಜಿನ್ನಿಗೆ ಸುಮಾರು 4 ಬಾರ್ ಬೇಕು. 1000 ಆರ್‌ಪಿಎಂಗೆ 10 ಪಿಎಸ್‌ಐ (ಸುಮಾರು 0.7 ಬಾರ್) ಅನ್ನುವ ಹಳೆಯ ಲೆಕ್ಕ ಎಲ್ಲ ಎಂಜಿನ್ನಿಗೂ ಕರಾರುವಾಕ್ಕಲ್ಲ, ಅಂದಾಜಿಗೆ ಸಾಕು. ಉದ್ದನೆಯ ತಿರುವಿನಲ್ಲಿ ಎಂಜಿನ್ ತಳದ ತಟ್ಟೆಯಲ್ಲಿರುವ (ಸಂಪಿನ) ಆಯಿಲ್ ಒಂದು ಬದಿಗೆ ಸರಿದು ಪಂಪಿಗೆ ಗಾಳಿ ಸಿಕ್ಕರೆ ಪ್ರೆಶರ್ 4ರಿಂದ 1ಕ್ಕೆ ಬೀಳಬಹುದು. ದೀಪ ಆಗಲೂ ಸುಮ್ನೆ ಇರುತ್ತದೆ. ಗೇಜ್ ಬೇಕಾಗುವುದು ಇಲ್ಲಿಗೇ.

ಆಯಿಲ್ ಬಿಸಿಯ ಗೇಜ್ ಎರಡು ಕಡೆ ಕೆಲಸಕ್ಕೆ ಬರುತ್ತದೆ. ಕೂಲಂಟ್ ಬೇಗ ಬಿಸಿಯಾಗುತ್ತದೆ, ಆಯಿಲ್ ನಿಧಾನ. ಕೂಲಂಟ್ ಮುಳ್ಳು ನಡುವಿಗೆ ಬಂತು ಅಂತ ಎಂಜಿನ್ ಜಗ್ಗಿಸುವವರಿಗೆ ಆಯಿಲ್ ಇನ್ನೂ 50 ಡಿಗ್ರಿಯಲ್ಲಿದೆ ಅನ್ನುವುದು ಕಾಣುವುದೇ ಇಲ್ಲ. ಇನ್ನೊಂದು ಕಡೆ, ಟ್ರ್ಯಾಕ್‌ನಲ್ಲಿ ಸತತವಾಗಿ ಓಡಿಸಿದರೆ ಕೂಲಂಟ್ 95ರಲ್ಲೇ ನಿಂತಿದ್ದರೂ ಆಯಿಲ್ 130 ದಾಟಬಹುದು. 90ರಿಂದ 110 ಡಿಗ್ರಿ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 130ರ ಹತ್ತಿರ ಬಂದರೆ ಕಾಲು ಸಡಿಲಿಸಿ.

ಇನ್ನು ಸೆನ್ಸರ್. ಗೇಜ್ ಆರಿಸುವ ಹೊತ್ತಿನಲ್ಲಿ ಜನ ಡಯಲ್ ನೋಡುತ್ತಾರೆ, ನಾನು ಪೆಟ್ಟಿಗೆ ತಿರುಗಿಸಿ ಸೆನ್ಸರಿನ ಥ್ರೆಡ್ ನೋಡುತ್ತೇನೆ. ಅಮೆರಿಕದ ಗೇಜ್‌ಗಳ ಜೊತೆ ಬರುವುದು ಬಹುಪಾಲು 1/8 ಎನ್‌ಪಿಟಿ ಅನ್ನುವ ಅಮೆರಿಕದ ಥ್ರೆಡ್ ಅಳತೆ. ಜಪಾನಿನ ಎಂಜಿನ್ನುಗಳಲ್ಲಿ ಆಯಿಲ್ ಪ್ರೆಶರ್ ಸ್ವಿಚ್ ಕೂರುವ ಜಾಗದಲ್ಲಿ 1/8 ಬಿಎಸ್‌ಪಿಟಿ ಅನ್ನುವ ಬ್ರಿಟಿಷ್ ಅಳತೆ ಇರುವುದು ಸಾಮಾನ್ಯ. ಒಂದಕ್ಕೆ ಇಂಚಿಗೆ 27 ಸುತ್ತು, ಇನ್ನೊಂದಕ್ಕೆ 28. ಕೈಯಲ್ಲಿ ಹಿಡಿದು ನೋಡಿದರೆ ಎರಡೂ ಒಂದೇ ಅನ್ನಿಸುತ್ತದೆ. ಮೊದಲ ಒಂದೆರಡು ಸುತ್ತು ಬೆರಳಲ್ಲೇ ಒಳಗೆ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಟೇಪರ್ ಥ್ರೆಡ್ (ತುದಿಗೆ ಹೋದಂತೆ ಕಿರಿದಾಗುವ ಥ್ರೆಡ್) ಅಲ್ವಾ, ಬಿಗಿಯಾಗಲೇಬೇಕು ಅಂದುಕೊಂಡು ಸ್ಪ್ಯಾನರ್ ಹಾಕಿದರೆ ಬ್ಲಾಕಿನ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಥ್ರೆಡ್ ಅಳೆಯುವ ಪಟ್ಟಿ (ಥ್ರೆಡ್ ಗೇಜ್) ಇಟ್ಟು ನೋಡಿ, ಅಡಾಪ್ಟರ್ ತರಿಸಿ.

ಬ್ಲಾಕಿಗೆ ಹಿತ್ತಾಳೆಯ ಟಿ (ಮೂರು ಬಾಯಿಯ ಜೋಡಣೆ) ಸಿಗಿಸಿ, ಒಂದು ಕಡೆ ಕಂಪನಿಯ ಸ್ವಿಚ್, ಇನ್ನೊಂದು ಕಡೆ ಹೊಸ ಸೆನ್ಸರ್ ಕೂರಿಸುವುದು ತುಂಬಾ ಕಡೆ ಕಾಣುವ ಪದ್ಧತಿ. ಸ್ವಿಚ್ ಉಳಿಸಿಕೊಂಡದ್ದು ಒಳ್ಳೆಯದೇ, ಆ ದೀಪ ಇರಲೇಬೇಕು. ಆದರೆ ಆಯಿಲ್ ಪ್ರೆಶರ್ ಸೆನ್ಸರ್‌ಗಳಲ್ಲಿ ಕೆಲವು ಡಬ್ಬಿಯಂತೆ ದಪ್ಪಗೆ, ಭಾರವಾಗಿರುತ್ತವೆ. ಎಂಜಿನ್ನಿನ ಅದುರಾಟಕ್ಕೆ ಆ ಭಾರ ಜೋತಾಡಿ, ಹಿತ್ತಾಳೆ ಟಿ ಕುತ್ತಿಗೆಯ ಹತ್ತಿರ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ದಿನ ಆಯಿಲ್ ಚಿಮ್ಮುವುದು ಬಿಸಿ ಎಕ್ಸಾಸ್ಟ್ ಮೇಲೆ. ಬ್ಲಾಕಿನಿಂದ ಒಂದು ಗಿಡ್ಡ ಸ್ಟೀಲ್ ಹೆಣಿಗೆಯ ಹೋಸ್ ಎಳೆದು, ಸೆನ್ಸರನ್ನು ಬಾಡಿಗೆ ಕ್ಲ್ಯಾಂಪ್ ಮಾಡಿ. ಸ್ವಲ್ಪ ಖರ್ಚು ಜಾಸ್ತಿ, ಆದರೆ ಇದರಲ್ಲಿ ರಾಜಿ ಬೇಡ. ಮೆಕ್ಯಾನಿಕಲ್ ಗೇಜ್ ಹಾಕಿ ಬಿಸಿ ಆಯಿಲ್ ಇರುವ ಪೈಪನ್ನೇ ಕ್ಯಾಬಿನ್ ಒಳಗೆ ತರುವ ಹಳೆಯ ಪದ್ಧತಿಯಂತೂ ನನಗೆ ಇಷ್ಟವೇ ಇಲ್ಲ. ಪೈಪ್ ಸೋರಿದರೆ ಆಯಿಲ್ ಬೀಳುವುದು ನಿಮ್ಮ ಕಾಲಿನ ಮೇಲೆ.

ಒಂದೇ ವೈರ್ ಇರುವ ಸೆನ್ಸರ್ ಅಂದರೆ ಅದರ ಅರ್ಥ್ ಎಂಜಿನ್ನಿನ ಲೋಹದ ಮೂಲಕ ಸಿಗುತ್ತದೆ. ಥ್ರೆಡ್ ತುಂಬ ಟೆಫ್ಲಾನ್ ಟೇಪ್ ಸುತ್ತಿದರೆ ಆ ಅರ್ಥ್ ಹಾಳು. ಇದೇ ತೊಂದರೆ ಕೂಲಂಟ್ ಸೆನ್ಸರಿಗೆ ಬೇರೆ ರೂಪದಲ್ಲಿ ಬರುತ್ತದೆ. ರೇಡಿಯೇಟರಿನ ಮೇಲಿನ ಹೋಸ್ ಕತ್ತರಿಸಿ, ನಡುವೆ ಅಲ್ಯೂಮಿನಿಯಂ ಅಡಾಪ್ಟರ್ ಸೇರಿಸಿ, ಅದರಲ್ಲಿ ಸೆನ್ಸರ್ ಕೂರಿಸುತ್ತಾರೆ. ಸುಲಭದ ಕೆಲಸ. ಆದರೆ ಅಡಾಪ್ಟರಿನ ಎರಡು ಕಡೆಯೂ ರಬ್ಬರ್. ಎಂಜಿನ್ನಿನ ಲೋಹಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅಡಾಪ್ಟರಿಗೆ ಬೇರೆ ಅರ್ಥ್ ವೈರ್ ಕೊಡದಿದ್ದರೆ ಮುಳ್ಳು ಅಲ್ಲಾಡುವುದಿಲ್ಲ, ಅಥವಾ ಬೇಕಾದಂತೆ ಕುಣಿಯುತ್ತದೆ. ಇನ್ನೊಂದು ಮಾತು: ಥರ್ಮೋಸ್ಟಾಟ್ ತೆರೆಯುವ ತನಕ ಆ ಹೋಸಿನಲ್ಲಿ ಬಿಸಿ ನೀರು ಹರಿಯುವುದಿಲ್ಲ, ಹಾಗಾಗಿ ಗೇಜ್ ತಡವಾಗಿ ಏಳುತ್ತದೆ. ಇನ್ನು ಕೂಲಂಟ್ ಪೂರ್ತಿ ಸೋರಿಹೋದರೆ ಸೆನ್ಸರ್ ಬರೀ ಗಾಳಿಯಲ್ಲಿ ನಿಂತಿರುತ್ತದೆ. ಎಂಜಿನ್ ಸುಡುತ್ತಿರುವಾಗ ಮುಳ್ಳು ಕೆಳಗಿಳಿಯುವುದೂ ಉಂಟು. ಕೂಲಂಟ್ ಬಿಸಿ ಇದ್ದಕ್ಕಿದ್ದಂತೆ ಕಮ್ಮಿಯಾಯಿತು ಅಂದರೆ ಖುಷಿಪಡಬೇಡಿ, ಗಾಡಿ ನಿಲ್ಲಿಸಿ.

ಒಂದು ಕಂಪನಿಯ ಗೇಜಿಗೆ ಇನ್ನೊಂದರ ಸೆನ್ಸರ್ ಹಾಕುವ ಆಸೆಯೂ ಬೇಡ. ವಿಡಿಒ ಕಂಪನಿಯ ಪ್ರೆಶರ್ ಸೆನ್ಸರ್‌ಗಳು ಸಾಮಾನ್ಯವಾಗಿ 10ರಿಂದ 180 ಓಮ್‌ಗೆ ಏರುತ್ತವೆ. ಅಮೆರಿಕದ ಕೆಲವು 240ರಿಂದ 33ಕ್ಕೆ ಇಳಿಯುತ್ತವೆ. ಬೆರೆಸಿದರೆ ಮುಳ್ಳು ಉಲ್ಟಾ ಓಡುತ್ತದೆ. ಗೇಜ್, ಸೆನ್ಸರ್ ಒಂದೇ ಪೆಟ್ಟಿಗೆಯಲ್ಲಿ ಬಂದದ್ದೇ ಇರಲಿ.

ಬೂಸ್ಟ್ ಗೇಜ್ ಸುಲಭ. ಇನ್‌ಟೇಕ್ ಮ್ಯಾನಿಫೋಲ್ಡಿನಿಂದ, ಥ್ರಾಟಲ್‌ನ ಎಂಜಿನ್ ಕಡೆಯ ಬದಿಯಿಂದ ಒಂದು ಹೋಸ್ ತೆಗೆದುಕೊಂಡರಾಯಿತು. ಇಂಧನ-ಗಾಳಿ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಗೇಜ್ ಟ್ಯೂನ್ ಮಾಡಿಸುವವರಿಗೆ ಬೇಕು, ಉಳಿದವರಿಗೆ ಬೇಡ. ಹಾಕಿಸಿದರೆ ಅದರ ಸೆನ್ಸರ್ ಎಕ್ಸಾಸ್ಟ್ ಪೈಪಿನ ಮೇಲ್ಭಾಗದಲ್ಲಿ, ಅಡ್ಡಕ್ಕಿಂತ ಕನಿಷ್ಠ 10 ಡಿಗ್ರಿ ಮೇಲೆ ವಾಲಿ ಕೂರಬೇಕು. ಕೆಳಗೆ ಕೂತರೆ ಪೈಪಿನಲ್ಲಿ ನಿಂತ ನೀರ ಹನಿ ಬಿಸಿ ಸೆರಾಮಿಕ್ ಮೇಲೆ ಬಿದ್ದು ಅದು ಸೀಳುತ್ತದೆ.

ಇಷ್ಟು ಆದ ಮೇಲೆ ಒಳಗೆ ಎಲ್ಲಿ ಇಡಬೇಕು ಅನ್ನುವ ಮಾತು. ಎರಡು ಅಳತೆ ಚಾಲ್ತಿಯಲ್ಲಿವೆ, 52 ಮಿಲಿಮೀಟರ್ ಮತ್ತು 60. ಪಾಡ್ (ಗೇಜ್ ಕೂರುವ ಗೂಡು), ಪ್ಯಾನೆಲ್‌ಗಳು ಹೆಚ್ಚಾಗಿ ಸಿಗುವುದು 52ಕ್ಕೆ. ಸ್ಪೋರ್ಟ್ಸ್ ಕಾರಿನ ಇಕ್ಕಟ್ಟಿಗೂ ಅದೇ ಸರಿ. 60 ಓದಲು ಸುಲಭ, ಆದರೆ ಜಾಗ ನುಂಗುತ್ತದೆ.

ಎ-ಪಿಲ್ಲರ್ ಪಾಡ್ ಎಲ್ಲರಿಗೂ ಇಷ್ಟ. ಆ ಪಿಲ್ಲರಿನ ಹೊದಿಕೆಯ ಮೇಲೆ ಏರ್‌ಬ್ಯಾಗ್ ಅಂತ ಬರೆದಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಒಳಗಿರುವ ಕರ್ಟನ್ ಏರ್‌ಬ್ಯಾಗ್ ತೆರೆದುಕೊಂಡಾಗ ಹೊದಿಕೆ ಸರಿಯಾದ ಜಾಗದಲ್ಲಿ ಬಾಗಬೇಕು. ಮೇಲೆ ಗೇಜ್ ತಿರುಪು ಹಾಕಿ ಕೂರಿಸಿದ್ದರೆ ಅದು ಮುಖಕ್ಕೆ ಹಾರುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಪಕ್ಕದ ಸೀಟಿನವರ ಏರ್‌ಬ್ಯಾಗ್ ಮುಚ್ಚಳಕ್ಕೂ ಇದೇ ಮಾತು. ಏರ್‌ಬ್ಯಾಗ್ ಇಲ್ಲದ ಹಳೆಯ ಕಾರಾದರೂ ತಿರುವಿನಲ್ಲಿ ಕಣ್ಣು ಹೋಗುವ ದಿಕ್ಕಿಗೆ ಪಿಲ್ಲರ್ ಆಗಲೇ ಅಡ್ಡ ಇರುತ್ತದೆ. ಅದನ್ನು ಇನ್ನಷ್ಟು ದಪ್ಪ ಮಾಡುವ ಮುಂಚೆ ನಿಮ್ಮ ಸೀಟಿನಲ್ಲಿ ಕೂತು ನೋಡಿ.

ನನ್ನ ಮೊದಲ ಆಯ್ಕೆ ನಡುವಿನ ಎಸಿ ವೆಂಟ್ ಅಥವಾ ರೇಡಿಯೊ ಇರುವ ಜಾಗ. ವೆಂಟಿನಲ್ಲಿ ಕೂರಿಸಿದರೆ ಒಂದು ಕಡೆಯ ಗಾಳಿ ಕಳೆದುಕೊಳ್ಳುತ್ತೀರಿ, ಜೊತೆಗೆ ಹೀಟರ್ ಗಾಳಿ ನೇರವಾಗಿ ಗೇಜಿನ ಬೆನ್ನಿಗೆ ಬಡಿಯದಂತೆ ಆ ಕೊಳವೆ ಮುಚ್ಚಬೇಕು. ತೂತು ಕೊರೆಯುವ ಮುಂಚೆ ಹಿಂದಿನ ಆಳ ಅಳೆಯಿರಿ. ಗೇಜಿನ ಉದ್ದ ಮಾತ್ರ ಲೆಕ್ಕ ಹಾಕಿದರೆ ಸಾಲದು, ಹಿಂದಿನ ವೈರ್ ಬಗ್ಗಲು ಜಾಗ ಬೇಕು. ರಟ್ಟಿನಲ್ಲಿ ಅದೇ ಅಳತೆಯ ಬಿಲ್ಲೆ ಕತ್ತರಿಸಿ, ಟೇಪ್ ಹಾಕಿ ಅಂಟಿಸಿ, ಒಂದು ವಾರ ಓಡಿಸಿ. ಗೇರ್ ಹಾಕುವಾಗ ಕೈ ಅಡ್ಡ ಬರುತ್ತದೋ, ಸ್ಟೀರಿಂಗ್ ಅಂಚು ಮುಚ್ಚುತ್ತದೋ, ಎಲ್ಲ ಗೊತ್ತಾಗುತ್ತದೆ. ನನ್ನ ಹತ್ತಿರ ಬಂದವರಲ್ಲಿ ಈ ರಟ್ಟಿನ ಕೆಲಸ ಮಾಡಿ ನೋಡಿದ ಮೇಲೆ ಜಾಗ ಬದಲಿಸಿದವರೇ ಜಾಸ್ತಿ.

ರೇಸ್ ಕಾರುಗಳಲ್ಲಿ ಗೇಜನ್ನು ಸ್ವಲ್ಪ ತಿರುಗಿಸಿ ಕೂರಿಸಿರುವುದನ್ನು ನೋಡಿರಬಹುದು. ಎಲ್ಲ ಸರಿಯಿದ್ದಾಗ ಎಲ್ಲ ಮುಳ್ಳುಗಳೂ ನೇರ ಮೇಲಕ್ಕೆ ನಿಲ್ಲಲಿ ಅಂತ. ಅಂಕಿ ಓದಬೇಕಾಗಿಲ್ಲ, ಯಾವುದಾದರೂ ಒಂದು ವಾಲಿದರೆ ಕಣ್ಣಿಗೆ ಹೊಡೆಯುತ್ತದೆ. ಡಯಲ್ ಮೇಲಿನ ಅಕ್ಷರ ಸೊಟ್ಟಗೆ ಕಾಣುತ್ತದೆ ಅಂತ ಬೇಜಾರು ಮಾಡಿಕೊಳ್ಳುವವರೂ ಇದ್ದಾರೆ. ನನಗಂತೂ ಆ ಸೊಟ್ಟ ಇಷ್ಟ.

ವೈರಿಂಗ್‌ನಲ್ಲಿ ಹೇಳುವಂಥದ್ದು ಕಮ್ಮಿ. ಪವರ್ ಇಗ್ನಿಷನ್ ಆನ್ ಆದಾಗ ಮಾತ್ರ ಬರುವ ಲೈನಿನಿಂದ, ಫ್ಯೂಸ್ ಮೂಲಕವೇ. ಬೆಳಕಿನ ವೈರನ್ನು ಡ್ಯಾಶ್‌ಬೋರ್ಡ್ ದೀಪದ ಲೈನಿಗೆ ಸೇರಿಸಿ. ಇಲ್ಲದಿದ್ದರೆ ರಾತ್ರಿ ಗೇಜ್ ಪೂರ್ತಿ ಬೆಳಗಿ ಗಾಜಿನ ಮೇಲೆ ಪ್ರತಿಫಲಿಸುತ್ತದೆ. ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡು) ದಾಟುವಲ್ಲಿ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಹಾಕುವ ಬಳೆ) ಇರಲಿ, ಬರೀ ತಗಡಿನ ಅಂಚು ವೈರನ್ನು ನಿಧಾನಕ್ಕೆ ಕೊಯ್ಯುತ್ತದೆ. ಎಲ್ಲ ಗೇಜ್‌ಗಳ ಅರ್ಥ್ ಒಂದೇ ಜಾಗಕ್ಕೆ, ಬಣ್ಣ ಕೆರೆದ ಲೋಹಕ್ಕೆ.

ಡ್ಯಾಶ್‌ಬೋರ್ಡ್ ಮುಚ್ಚುವ ಮುಂಚೆ ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ, ಫ್ಯಾನ್ ಪೂರ್ತಿ ಇಡಿ, ಬ್ರೇಕ್ ಒತ್ತಿ. ಪ್ರತಿ ಸಲವೂ ಆಯಿಲ್ ಅಥವಾ ಕೂಲಂಟ್ ಮುಳ್ಳು ಜಿಗಿದರೆ ಅರ್ಥ್ ಸರಿಯಿಲ್ಲ. ಆಮೇಲೆ ಎಂಜಿನ್ ಚೆನ್ನಾಗಿ ಬಿಸಿಯಾದಾಗ ಐಡಲ್‌ನಲ್ಲಿ ಎಷ್ಟು, 3000ದಲ್ಲಿ ಎಷ್ಟು ಅಂತ ಬರೆದಿಡಿ. ಗೇಜಿನಲ್ಲಿ ವಾರ್ನಿಂಗ್ ಅಲಾರಂ ಇದ್ದರೆ ಆಯಿಲ್ ಪ್ರೆಶರಿನ ಮಿತಿಯನ್ನು ಆ ಬಿಸಿ ಐಡಲ್ ಅಂಕಿಗಿಂತ ತುಸುವೇ ಕೆಳಗೆ ಇಡಿ. ಆರ್‌ಪಿಎಂಗೆ ತಕ್ಕಂತೆ ಮಿತಿ ಬದಲಿಸಬಲ್ಲ ಗೇಜ್ ಆದರೆ 3000ಕ್ಕೆ ಬೇರೆ ಮಿತಿ ಕೊಡಿ. ಒಂದೇ ಮಿತಿಯ ಗೇಜಿನಲ್ಲಿ ಅದನ್ನು ಐಡಲ್ ಅಂಕಿಗಿಂತ ಮೇಲೆ ಇಟ್ಟರೆ ಪ್ರತಿ ಸಿಗ್ನಲ್‌ನಲ್ಲೂ ಅದು ಕಿರುಚುತ್ತದೆ, ನೀವು ಬೇಸತ್ತು ಆಫ್ ಮಾಡುತ್ತೀರಿ.