ಕಸುವು, ಬಿರುಸು, ದಮ್ಮು: ಕರಾಟೆ ಕಲಿಯುವವರಿಗೆ ಮನೆ ಸಾಧನೆಯ ಟಿಪ್ಪಣಿ

ದಿನಾ ನೂರು ಪುಷ್‌ಅಪ್ ಹೊಡೆದರೂ ಗುದ್ದು ಯಾಕೆ ಬಿರುಸಾಗುವುದಿಲ್ಲ? ನಮ್ಮ ಡೋಜೋಗೆ (ಕರಾಟೆ ಶಾಲೆಗೆ) ಹೊಸದಾಗಿ ಸೇರಿದವರು ಜಾಸ್ತಿ ಕೇಳುವ ಪ್ರಶ್ನೆ ಇದು. ಮೊದಲ ಎರಡು ವರ್ಷ ನನ್ನನ್ನೂ ಇದು ಕಾಡಿತ್ತು. ಓದಿದ್ದು, ಮಾಡಿ ನೋಡಿದ್ದು, ತಿದ್ದಿಕೊಂಡದ್ದು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಜಿಮ್ಮಿಗೆ ಹೋಗಲು ಆಗದವರಿಗೆ, ಸಣ್ಣ ಮನೆಯಲ್ಲಿ ಇರುವವರಿಗೆ ಇದು ಹೆಚ್ಚು ಉಪಯೋಗ.

ಮೊದಲು ಮೂರು ಪದ ಬೇರೆ ಮಾಡಿಕೊಳ್ಳೋಣ. ಎಷ್ಟು ಭಾರ ಎತ್ತಬಲ್ಲೆವು, ಎಷ್ಟು ಜೋರಾಗಿ ತಳ್ಳಬಲ್ಲೆವು ಅನ್ನುವುದು ಕಸುವು. ಆ ಕಸುವನ್ನು ಎಷ್ಟು ಬೇಗ ಹೊರಗೆ ತರಬಲ್ಲೆವು ಅನ್ನುವುದು ಬಿರುಸು. ಪವರ್ ಅನ್ನುತ್ತೇವಲ್ಲ, ಅದು. ಎಷ್ಟು ಹೊತ್ತು ಎಳೆಯಬಲ್ಲೆವು ಅನ್ನುವುದು ದಮ್ಮು.

ಒಂದು ಲೆಕ್ಕ ಹಾಕಿ ನೋಡಿ. ಮನೆಗೆ ಬರುವ 20 ಲೀಟರ್ ನೀರಿನ ಕ್ಯಾನ್ ಸುಮಾರು 20 ಕೆಜಿ ತೂಗುತ್ತದೆ. ಅದನ್ನು ಒಂದು ಮೀಟರ್ ಮೇಲೆತ್ತಲು ಸುಮಾರು 200 ಜೂಲ್ ಕೆಲಸ ಆಗುತ್ತದೆ. ಎರಡು ಸೆಕೆಂಡಿನಲ್ಲಿ ಎತ್ತಿದರೆ 100 ವ್ಯಾಟ್. ಅರ್ಧ ಸೆಕೆಂಡಿನಲ್ಲಿ ಎತ್ತಿದರೆ 400 ವ್ಯಾಟ್. ಕ್ಯಾನ್ ಅದೇ, ಎತ್ತರ ಅದೇ, ಬಿರುಸು ಮಾತ್ರ ನಾಲ್ಕು ಪಟ್ಟು. ನೂರು ಪುಷ್‌ಅಪ್ ಬೆಳೆಸುವುದು ಬಹುಪಾಲು ದಮ್ಮನ್ನು. ಇಪ್ಪತ್ತು ದಾಟಿದ ಮೇಲೆ ಕಸುವೂ ಅಷ್ಟಾಗಿ ಬೆಳೆಯುವುದಿಲ್ಲ, ವೇಗವಂತೂ ಕುಸಿಯುತ್ತಾ ಹೋಗುತ್ತದೆ.

ನಮ್ಮ ಕಡೆ ಈ ಮೂರಕ್ಕೂ ಬೇರೆ ಬೇರೆ ದಾರಿ ಇದ್ದೇ ಇದೆ. ಊರ ಹಬ್ಬಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡು ಎತ್ತುತ್ತಾರಲ್ಲ, ಅದು ಕಸುವು. ಗರಡಿಯಲ್ಲಿ ನೂರಾರು ಬಸ್ಕಿ, ಸಾಮು ತೆಗೆಯುವುದು ದಮ್ಮಿಗೆ. ಪೈಲ್ವಾನರಿಗೆ ಬಿರುಸು ಸಿಗುವುದು ಮಟ್ಟಿಗೆ (ಕುಸ್ತಿಯ ಮಣ್ಣಿನ ಕಣಕ್ಕೆ) ಇಳಿದು, ಎದುರಾಳಿಯನ್ನು ಹಿಡಿದೆಳೆದು ಪಟ್ಟು ಹಾಕುವಾಗ. ನಾವು ಮನೆಯಲ್ಲಿ ಬಸ್ಕಿ ಒಂದನ್ನೇ ತಂದುಕೊಂಡರೆ ಮೂರರಲ್ಲಿ ಒಂದು ಭಾಗ ಮಾತ್ರ ತಂದ ಹಾಗೆ.

ಸ್ನಾಯುವಿನ ಒಳಗೆ ಏನಾಗುತ್ತದೆ ಅನ್ನುವುದು ತಿಳಿದರೆ ಉಳಿದದ್ದೆಲ್ಲ ಸುಲಭ. ಸ್ನಾಯುವಿನ ಎಳೆಗಳು ಗುಂಪು ಗುಂಪಾಗಿ ನರಗಳಿಗೆ ಜೋಡಿಕೊಂಡಿರುತ್ತವೆ. ಹಗುರ ಕೆಲಸಕ್ಕೆ ಸಣ್ಣ ಗುಂಪುಗಳಷ್ಟೇ ಎದ್ದೇಳುತ್ತವೆ. ಭಾರ ಹೆಚ್ಚಿದ ಹಾಗೆ ದೊಡ್ಡ ಗುಂಪುಗಳು ಒಂದೊಂದಾಗಿ ಸೇರಿಕೊಳ್ಳುತ್ತವೆ. ಎಲ್ವುಡ್ ಹೆನ್ನೆಮನ್ ಎಂಬ ವಿಜ್ಞಾನಿ ಈ ಕ್ರಮವನ್ನು ತೋರಿಸಿಕೊಟ್ಟರು. ಗುದ್ದಿಗೆ, ಒದೆತಕ್ಕೆ ನಮಗೆ ಬೇಕಾದ ವೇಗದ ಎಳೆಗಳು ಇರುವುದು ಆ ದೊಡ್ಡ ಗುಂಪುಗಳಲ್ಲಿ. ಅವನ್ನು ಎಬ್ಬಿಸಲು ಎರಡು ನೇರ ದಾರಿಗಳಿವೆ: ನಿಜವಾಗಿಯೂ ಭಾರ ಅನ್ನಿಸುವ ತೂಕ, ಇಲ್ಲವೇ ಪೂರ್ತಿ ಜೋರು ಹಾಕಿದ ವೇಗದ ಚಲನೆ.

ಇನ್ನೊಂದು ಸಂಗತಿ. ಸ್ನಾಯು ತನ್ನ ಪೂರ್ತಿ ಬಲಕ್ಕೆ ಏರಲು 0.3 ಸೆಕೆಂಡಿಗಿಂತ ಹೆಚ್ಚೇ ಬೇಕು. ಗುದ್ದಿನಲ್ಲಿ ಬಲ ಹಾಕಲು ಅಷ್ಟು ಹೊತ್ತು ಸಿಗುವುದಿಲ್ಲ. ಅಂದರೆ ಕಸುವು ಎಷ್ಟೇ ಇರಲಿ, ಬೇಗ ಏರದಿದ್ದರೆ ಅದು ಮೈಯಲ್ಲೇ ಉಳಿದುಬಿಡುತ್ತದೆ. ಹಾಗಂತ ಕಸುವು ಬೇಡ ಅಂತಲ್ಲ. ಕಸುವೇ ಇಲ್ಲದವರು ಬರೀ ಜಿಗಿತ ಮಾಡಿದರೆ ಬಿರುಸು ಸ್ವಲ್ಪ ಏರಿ ಅಲ್ಲೇ ನಿಲ್ಲುತ್ತದೆ, ಮಂಡಿಗೂ ಪೆಟ್ಟು. ಹೊಸಬರು ಮೊದಲ ಎರಡು ಮೂರು ತಿಂಗಳು ಕಸುವಿನ ಕಡೆಗೇ ಹೆಚ್ಚು ಗಮನ ಕೊಡಿ ಅನ್ನುವುದು ನನ್ನ ಅಭಿಪ್ರಾಯ.

ಮನೆಯಲ್ಲಿ ಕಸುವಿಗೆ ತೂಕ ಎಲ್ಲಿಂದ ತರುವುದು? ನೀರಿನ ಕ್ಯಾನ್ ಇದೆ. ಗಟ್ಟಿ ಬ್ಯಾಗಿನಲ್ಲಿ ಅಕ್ಕಿ ಮೂಟೆ ಇಟ್ಟು ಬೆನ್ನಿಗೆ ಹಾಕಿಕೊಳ್ಳಬಹುದು. ಹಿಂದಿನ ಕಾಲನ್ನು ಕುರ್ಚಿಯ ಮೇಲಿಟ್ಟು ಒಂದೇ ಕಾಲಿನಲ್ಲಿ ಬಸ್ಕಿ ಹೊಡೆದು ನೋಡಿ, 10 ಕೆಜಿ ಬ್ಯಾಗೇ ಸಾಕು ಅನ್ನಿಸುತ್ತದೆ. ಬ್ಯಾಗ್ ಹಾಕಿಕೊಂಡು, ಕಾಲು ಎತ್ತರದಲ್ಲಿಟ್ಟು ಪುಷ್‌ಅಪ್. ಒಂಟಿ ಕಾಲಲ್ಲಿ ನಿಂತು, ಸೊಂಟದಿಂದ ಬಾಗಿ ಕ್ಯಾನ್ ಎತ್ತುವುದು. ಅರ್ಧ ತುಂಬಿದ ಕ್ಯಾನಿನಲ್ಲಿ ನೀರು ತುಳುಕಾಡುವುದರಿಂದ ತೂಕ ಕಡಿಮೆಯಾದರೂ ಹಿಡಿತ ಕಷ್ಟ. ಎಳೆಯುವ ಕೆಲಸವನ್ನು ಮಾತ್ರ ಬಿಡಬೇಡಿ, ಗುದ್ದುವವರ ಭುಜ ಮುಂದಕ್ಕೆ ಬಾಗಿಬಿಡುತ್ತದೆ. ಗಟ್ಟಿ ಕಂಬಿಗೆ ಟವೆಲ್ ಹಾಕಿ ಅದನ್ನು ಹಿಡಿದು ಮೇಲೇಳಿ, ಮುಂಗೈಯೂ ಗಟ್ಟಿಯಾಗುತ್ತದೆ. ಯಾವುದನ್ನೇ ಆಗಲಿ 4ರಿಂದ 6 ಸಲ ಮಾಡುವಷ್ಟರಲ್ಲಿ ಸಾಕು ಅನ್ನಿಸುವಷ್ಟು ಭಾರ ಇರಲಿ. ಇನ್ನೂ ಒಂದೆರಡು ಸಲ ಆಗುತ್ತಿತ್ತು ಅನ್ನುವಾಗಲೇ ನಿಲ್ಲಿಸಿ. ಅಂಥ ಮೂರು ನಾಲ್ಕು ಸುತ್ತು, ನಡುವೆ ಎರಡು ಮೂರು ನಿಮಿಷ ವಿರಾಮ.

ತೂಕವೇ ಇಲ್ಲದವರಿಗೆ ನನ್ನ ಅಚ್ಚುಮೆಚ್ಚಿನ ಉಪಾಯ ಕರಾಟೆ ಬೆಲ್ಟ್. ಬೆಲ್ಟನ್ನು ಎರಡೂ ಪಾದದ ಕೆಳಗೆ ಹಾಕಿ ನಿಲ್ಲಿ. ಮಂಡಿ ಸ್ವಲ್ಪ ಬಗ್ಗಿಸಿ, ಬೆನ್ನು ನೇರ ಇಟ್ಟು, ಎರಡೂ ತುದಿ ಹಿಡಿದು ಐದು ಸೆಕೆಂಡು ಪೂರ್ತಿ ಜೋರಿನಲ್ಲಿ ಮೇಲಕ್ಕೆ ಎಳೆಯಿರಿ. ಏನೂ ಕದಲುವುದಿಲ್ಲ, ಆದರೆ ಮೈಯೆಲ್ಲ ಕೆಲಸ ಮಾಡುತ್ತದೆ. ಹೀಗೆ ಬಂದ ಕಸುವು ಹೆಚ್ಚಾಗಿ ಎಳೆದ ಕೋನದ ಆಸುಪಾಸಿಗೇ ಸೀಮಿತ. ಅದಕ್ಕೇ ಹಿಡಿತದ ಎತ್ತರ ಬದಲಿಸಿ ಮೂರು ಕಡೆ ಎಳೆಯಿರಿ.

ಜಪಾನಿನ ಒಕಿನಾವಾದ ಕರಾಟೆಯಲ್ಲಿ ಹೋಜೋ ಉಂಡೋ ಅನ್ನುವ ಪೂರಕ ಸಾಧನೆ ಇದೆ. ಅದರಲ್ಲಿ ಬಳಸುವ ಚಿ ಇಶಿ ನೋಡಿದರೆ ನಮ್ಮ ಗದೆಯೇ ನೆನಪಾಗುತ್ತದೆ: ಮರದ ಹಿಡಿ, ತುದಿಯಲ್ಲಿ ಕಲ್ಲು. ಹಳೇ ಪೇಂಟ್ ಡಬ್ಬಿಗೆ ಸಿಮೆಂಟು ಕಲಸಿ ಹಾಕಿ, ನಡುವೆ ಕೋಲು ನಿಲ್ಲಿಸಿದರೆ ಮನೆಯಲ್ಲೇ ಸಿದ್ಧ. ಸಿಮೆಂಟಿನೊಳಗೆ ಹೋಗುವ ಕೋಲಿನ ತುದಿಗೆ ಮೊದಲೇ ಎರಡು ಮೊಳೆ ಹೊಡೆದಿಡಿ, ಇಲ್ಲದಿದ್ದರೆ ಬೀಸುವಾಗ ಕಳಚಿಕೊಳ್ಳಬಹುದು.

ಈಗ ಬಿರುಸು. ಇಲ್ಲಿ ನಿಯಮ ಒಂದೇ: ಪ್ರತಿ ಸಲವೂ ಪೂರ್ತಿ ಜೋರು, ವೇಗ ಇಳಿದ ಕೂಡಲೇ ನಿಲ್ಲಿಸುವುದು. ಪೂರ್ತಿ ಜೋರಿನ ಕೆಲಸಕ್ಕೆ ಸ್ನಾಯುವಿನಲ್ಲಿರುವ ತಕ್ಷಣದ ಇಂಧನ ಸುಮಾರು ಹತ್ತು ಸೆಕೆಂಡಿಗೆ ಮಾತ್ರ. ಅದು ಬಹುಪಾಲು ಮತ್ತೆ ತುಂಬಲು ಎರಡು ಮೂರು ನಿಮಿಷ ಬೇಕು. ಹಾಗಾಗಿ ಮೂರು ಜಿಗಿತ, ಎರಡು ನಿಮಿಷ ವಿರಾಮ, ಇಂಥ ಐದು ಸುತ್ತು. ಬೆವರು ಅಷ್ಟೇನೂ ಬರುವುದಿಲ್ಲ. ಏನೂ ಮಾಡಲೇ ಇಲ್ಲ ಅನ್ನಿಸಬಹುದು. ಆ ಅನ್ನಿಸಿಕೆಗೆ ಸೋತು ವಿರಾಮ ಕಡಿಮೆ ಮಾಡಿದರೆ ಮತ್ತೆ ದಮ್ಮಿನ ಸಾಧನೆಯೇ ಆಗಿಬಿಡುತ್ತದೆ.

ನಿಂತಲ್ಲಿಂದ ಮುಂದಕ್ಕೆ ಉದ್ದ ಜಿಗಿತ ಒದೆತಕ್ಕೂ ಮುನ್ನುಗ್ಗುವುದಕ್ಕೂ ಚೆನ್ನಾಗಿ ಹೊಂದುತ್ತದೆ. ಜಿಗಿಯುವ ಮುನ್ನ ಸರಕ್ಕನೆ ಕುಗ್ಗಿ, ಆ ಕ್ಷಣವೇ ಚಿಮ್ಮಿ. ಕುಗ್ಗಿ ಒಂದು ಸೆಕೆಂಡು ನಿಂತರೆ ದೂರ ಕಡಿಮೆಯಾಗುತ್ತದೆ, ನೀವೇ ಅಳೆದು ನೋಡಬಹುದು. ಕೈಗಳಿಗೆ, ಗಟ್ಟಿ ಟೇಬಲ್ಲಿನ ಅಂಚಿಗೆ ಕೈಕೊಟ್ಟು ಚಿಮ್ಮುವ ಪುಷ್‌ಅಪ್. ಬಯಲು ಇದ್ದರೆ ಹಳೇ ಬ್ಯಾಸ್ಕೆಟ್‌ಬಾಲಿಗೆ ಮರಳು ತುಂಬಿ, ಹೊಲಿದು, ಮೂರು ಕೆಜಿ ಚೆಂಡು ಮಾಡಿ. ಸೊಂಟ ತಿರುಗಿಸಿ ಅದನ್ನು ಎಸೆಯುವುದಕ್ಕಿಂತ ಗುದ್ದಿಗೆ ಹತ್ತಿರದ ಕಸರತ್ತು ನನಗೆ ಸಿಕ್ಕಿಲ್ಲ. ಗುದ್ದಿನ ಬಲ ನೆಲದಿಂದ ಹೊರಟು ಕಾಲು, ಸೊಂಟ, ಭುಜ ದಾಟಿ ಮುಷ್ಟಿಗೆ ಬರಬೇಕು ಅಲ್ವಾ, ಎಸೆತದಲ್ಲೂ ಅದೇ ದಾರಿ.

ಡಂಬೆಲ್ ಹಿಡಿದು ಗಾಳಿಯಲ್ಲಿ ಗುದ್ದುವುದನ್ನು ಬಿಟ್ಟುಬಿಡಿ ಅಂತ ಕೇಳಿಕೊಳ್ಳುತ್ತೇನೆ. ಡಂಬೆಲ್ಲಿನ ಭಾರ ಕೆಳಕ್ಕೆ ಎಳೆಯುತ್ತದೆ, ಗುದ್ದು ಹೋಗುವುದು ಮುಂದಕ್ಕೆ. ಭುಜ ದಣಿಯುತ್ತದೆ, ಮೊಣಕೈಗೆ ಕುಲುಕಾಟ. ಸೈಕಲ್ ಟ್ಯೂಬು ಹಿಡಿದು ಗುದ್ದಿದರೆ ಅದು ಎಳೆಯುವ ದಿಕ್ಕೇನೋ ಸರಿ. ಆದರೆ ಮುಷ್ಟಿ ಅತಿ ವೇಗ ಪಡೆಯಬೇಕಾದ ಕೊನೆಯಲ್ಲೇ ಅದು ಹೆಚ್ಚು ಬಿಗಿಯುತ್ತದೆ. ಟ್ಯೂಬನ್ನು ಭುಜದ ಹಿಂಭಾಗ ಗಟ್ಟಿ ಮಾಡಲು ಇಟ್ಟುಕೊಳ್ಳಿ. ಕಾಲಿಗೆ ತೂಕ ಕಟ್ಟಿ ಜೋರಾಗಿ ಒದೆಯುವುದೂ ಬೇಡ, ಮಂಡಿ ಉಳಿಯಬೇಕು.

ಸೆನ್ಸೈಗಳು (ಕರಾಟೆ ಗುರುಗಳು) ಕಿಮೆ ಅನ್ನುತ್ತಾರಲ್ಲ, ಹೊಡೆತ ತಾಗುವ ಕ್ಷಣಕ್ಕೆ ಮೈ ಬಿಗಿಯುವುದು, ಅದಕ್ಕೂ ಇದಕ್ಕೂ ನಂಟಿದೆ. ಸ್ಟುವರ್ಟ್ ಮೆಕ್‌ಗಿಲ್ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಳಗಿದ ಎಂಎಂಎ (ಹಲವು ಕಾದಾಟದ ಕಲೆಗಳು ಬೆರೆತ ಸ್ಪರ್ಧೆ) ಪಟುಗಳ ಸ್ನಾಯುಗಳನ್ನು ಅಳೆದಿದ್ದರು. ಹೊಡೆತ ಶುರುವಾಗುವಾಗ ಸ್ನಾಯು ಒಮ್ಮೆ ಬಿಗಿಯಿತು, ನಡುವೆ ಸಡಿಲವಾಯಿತು, ತಾಗುವಾಗ ಮತ್ತೆ ಬಿಗಿಯಿತು. ಆ ನಡುವಿನ ಸಡಿಲವನ್ನು ಭಾರ ಎತ್ತಿ ಕಲಿಯಲು ಆಗುವುದಿಲ್ಲ. ಅದಕ್ಕೇ ನಾನು ಪ್ರತಿ ಬಿರುಸಿನ ಸುತ್ತು ಮುಗಿದು ಒಂದು ನಿಮಿಷ ಆದ ಮೇಲೆ ಮೂರೇ ಮೂರು ಗ್ಯಾಕು ಝುಕಿ (ಹಿಂದಿನ ಕೈಯ ಗುದ್ದು) ಹೊಡೆಯುತ್ತೇನೆ, ಭುಜ ಸಡಿಲ ಬಿಟ್ಟು.

ಕ್ರಮ ಹೀಗಿರಲಿ: ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು ಮೊದಲು ಬಿರುಸು, ಆಮೇಲೆ ಕಸುವು, ಉಳಿದರೆ ದಮ್ಮು. ದಣಿದ ಮೈಯಲ್ಲಿ ವೇಗ ಕಲಿಯಲು ಆಗುವುದಿಲ್ಲ. ವಾರಕ್ಕೆ ಎರಡು ದಿನ ಸಾಕು, ಕುಮಿತೆ (ಎದುರಾಳಿಯೊಡನೆ ಕಾದಾಟದ ಅಭ್ಯಾಸ) ಜೋರಾಗಿರುವ ವಾರದಲ್ಲಿ ಒಂದೇ ದಿನ. ಮಂಡಿ, ಬೆನ್ನಿನ ತೊಂದರೆ ಇರುವವರು ಜಿಗಿತ ಶುರು ಮಾಡುವ ಮುಂಚೆ ಡಾಕ್ಟರನ್ನು ಕೇಳಿ.

ತಾರಸಿಯಲ್ಲಿ ಸೀಮೆಸುಣ್ಣದ ಗೆರೆ ಎಳೆದು ಪ್ರತಿ ವಾರ ಜಿಗಿತದ ದೂರ ಬರೆದಿಡಿ. ಅಂದಿನ ಒಳ್ಳೆಯ ಜಿಗಿತಕ್ಕಿಂತ ಹತ್ತನೇ ಒಂದು ಭಾಗ ಕಡಿಮೆಯಾದರೆ ಅವತ್ತಿಗೆ ಸಾಕು. ಬರೀ ಕಾಂಕ್ರೀಟಿನ ಮೇಲೆ ಜಿಗಿದು ಒಂದು ತಿಂಗಳು ಮೊಳಕಾಲಿನ ಮುಂದಿನ ಮೂಳೆ ನೋವು ತಿಂದವನು ನಾನು. ಈಗ ದಪ್ಪ ಮ್ಯಾಟ್ ಹಾಸಿ, ಶೂ ಹಾಕಿಕೊಂಡೇ ಜಿಗಿಯುತ್ತೇನೆ. ಮಳೆಗಾಲದಲ್ಲಿ ತಾರಸಿ ಜಾರುತ್ತದೆ. ಆಗ ಒಣಗಿರುವ ಮೆಟ್ಟಿಲ ಬುಡದಲ್ಲಿ ನಿಂತು ಎರಡನೇ ಮೆಟ್ಟಿಲಿಗೆ ಜಿಗಿದು, ನಡೆದು ಇಳಿಯುತ್ತೇನೆ. ಮೇಲಕ್ಕೆ ಜಿಗಿದಾಗ ಬೀಳುವ ಎತ್ತರ ಕಡಿಮೆ, ಕೆಳಗಿನ ಮನೆಯವರಿಗೂ ಸದ್ದು ಕಡಿಮೆ.